ಪೆನ್ಸಿಲ್ ಮಸೀದಿಯ ಅಳತೆ

ಕೋಲಾರದ ಹಳೇ ರಿಸಾಲೆ ಲೈನಿನಲ್ಲಿ
ಎಲ್ಲವೂ ಸಾಲು. ಬ್ಯಾರಕ್ಕು, ಬೇವಿನ ಮರ,
ಸುಣ್ಣ ಬಳಿದ ಕಲ್ಲು,
ಒಣಗಲು ಹಾಕಿದ ಖಾಕಿ ಕೂಡ.
ಈ ಒಂದು ಕಟ್ಟಡ ಮಾತ್ರ
ಕವಾಯತಿನಲ್ಲಿ ಹೆಜ್ಜೆ ತಪ್ಪಿದವನ ಹಾಗೆ
ಓರೆಯಾಗಿ ನಿಂತಿದೆ.

ಟೇಪಿನ ಸೊನ್ನೆಯ ತುದಿ ಹಿಡಿದ ಸೊಣ್ಣೇಗೌಡ,
ರಿಸರ್ವ್ ಪೊಲೀಸು, ನಿವೃತ್ತಿಗೆ ನಾಲ್ಕು ತಿಂಗಳು,
"ಕಟ್ಟಿದೋರ ಹತ್ರ ಮೂಲೆಮಟ್ಟ ಇರಲಿಲ್ಲ ಮೇಡಂ" ಅಂದ.
ನಾನು ದಿಕ್ಸೂಚಿ ತೆಗೆದೆ.
ಪಡುವಣದಿಂದ ಬಡಗಕ್ಕೆ ಇಪ್ಪತ್ತು ಡಿಗ್ರಿ, ಚಿಲ್ಲರೆ.
ತಪ್ಪಿರುವುದು ಬ್ಯಾರಕ್ಕೇ ಇರಬಹುದು ಅಂತ ಬರೆಯಲು
ಅಳತೆ ಪುಸ್ತಕದಲ್ಲಿ ಕಾಲಂ ಇಲ್ಲ.

ಗೆಜೆಟಿಯರಿನಲ್ಲೂ ಒಂದು ಸಾಲಿಲ್ಲ.
ಇರುವುದು ಕ್ಯಾಂಟೀನಿನ ಮಹಬೂಬ್ ಬೀ ಹೇಳುವ ಕತೆ,
ಅವಳಿಗೆ ಅವಳಜ್ಜ ಹೇಳಿದ್ದು, ಅವನಿಗೆ ಅವನಪ್ಪ,
ಜಟಕಾ ಹೊಡೆಯುತ್ತಿದ್ದ ಪೀರಾನ್ ಸಾಬ್:

ಮೊದಲ ಮಹಾಯುದ್ಧ. ತುರ್ಕಿ ಕೈದಿಗಳು ಬಂದರು
ರೈಲಿನಲ್ಲಿ, ನೂರಾ ಹದಿನಾಲ್ಕು ಮಂದಿ,
ಮರಳಿನಲ್ಲಿ ಸೋತವರು, ಉಣ್ಣೆ ಕೋಟು ತೊಟ್ಟು
ನಮ್ಮ ಚೈತ್ರದ ಬಿಸಿಲಿಗೆ ಇಳಿದವರು.
ಮುದ್ದೆಯನ್ನು ಅಗಿಯುತ್ತಿದ್ದರಂತೆ.
ಊರೇ ನಕ್ಕಿತಂತೆ.

ಮೊದಲ ದಿನ ನಮಾಜಿಗೆ ನಿಂತದ್ದು
ತೆಂಕಣಕ್ಕೆ. ಅವರ ಊರಿನಲ್ಲಿ ಮಕ್ಕಾ ಆ ಕಡೆ;
ಹುಟ್ಟಿದಂದಿನಿಂದ ಆ ಕಡೆಗೇ ಬಾಗಿದ ಬೆನ್ನು.
ಬೇಲಿಯಾಚೆಯಿಂದ ಪೀರಾನ್ ಸಾಬ್
ಚಾವಟಿ ಎತ್ತಿ ತೋರಿಸಿದ: ಹೊತ್ತು ಮುಳುಗೋ ಕಡೆ,
ಅಲ್ಲಿಂದ ಒಂದು ಗೇಣು ಬಲಕ್ಕೆ.
ಭಾಷೆ ಬಾರದವರಿಗೆ ಚಾವಟಿ ತಿಳಿಯಿತು.
ಒಬ್ಬ ಹುಡುಗ ಮಾತ್ರ, ರಿಫತ್ ಅಂತ,
ತಿರುಗಿ ನಿಂತವನು ಅತ್ತುಬಿಟ್ಟನಂತೆ.
ಮಕ್ಕಾವೇ ಜಾಗ ಬದಲಿಸಿತೆಂದರೆ
ಊರು ಇನ್ನೆಷ್ಟು ದೂರ ಹೋಗಿರಬೇಕು.

ಕಲ್ಲು ಅಂತರಗಂಗೆ ಬೆಟ್ಟದ್ದು.
ಒಡೆದುಕೊಟ್ಟವನು ಬೋವಿ ಯರ್ರಪ್ಪ,
ಕೂಲಿಗೆ ಕೋಟಿನ ಎರಡು ಹಿತ್ತಾಳೆ ಗುಂಡಿ ಇಸಕೊಂಡ.
ಗುಮ್ಮಟ ಎದ್ದಿತು. ಪಕ್ಕದಲ್ಲಿ ಮಿನಾರು,
ಅವರ ಸೀಮೆಯ ಪದ್ಧತಿ, ತೆಳ್ಳಗೆ, ಚೂಪಾಗಿ
ಹೆರೆದಿಟ್ಟ ಪೆನ್ಸಿಲಿನ ಹಾಗೆ.
ಆಳೆತ್ತರ ದಾಟುತ್ತಲೇ ಕರ್ನಲ್ ಬಂದ:
ಬ್ಯಾರಕ್ಕಿನ ಹೆಂಚಿಗಿಂತ
ಒಂದಿಂಚೂ ಮೇಲೆ ಹೋಗಕೂಡದು.

ಯುದ್ಧ ಮುಗಿಯಿತು. ಹೋದರು.
ಜ್ವರದಲ್ಲಿ ಉಳಿದುಹೋದವರು ಒಂಬತ್ತು ಮಂದಿ,
ಹುಣಸೆಯಡಿಯ ದಿಬ್ಬ.
ಮಸೀದಿಯೊಳಗೆ ಕುದುರೆಯ ಹುರುಳಿ ಬಂತು,
ಒಂದು ಚುನಾವಣೆಗೆ ಮತಪೆಟ್ಟಿಗೆ ಬಂತು,
ಆಮೇಲೆ ಬ್ಯಾಂಡಿನವರ ಡೋಲು.
ಈಗ ಶುಕ್ರವಾರ ಇಬ್ಬರು ಕಾನ್‌ಸ್ಟೇಬಲ್ಲುಗಳು
ಡೋಲುಗಳನ್ನು ಆಚೆಗೆ ಸರಿಸಿ, ಬೆಲ್ಟು ಬಿಚ್ಚಿಟ್ಟು
ಅಷ್ಟು ಜಾಗದಲ್ಲಿ ಬಾಗುತ್ತಾರೆ,
ಮುಗಿದ ಮೇಲೆ ಡೋಲುಗಳನ್ನು ಮತ್ತೆ ಸಾಲಿಗೆ ಇಡುತ್ತಾರೆ.

ನನ್ನ ಕೈಯಲ್ಲಿ ಆದೇಶ:
ಜೀಪು ನಿಲ್ಲಿಸಲು ಜಾಗ ಬೇಕಾಗಿದೆ,
ನಿರುಪಯುಕ್ತ ಕಟ್ಟಡಗಳ ಪಟ್ಟಿ ಕಳಿಸುವುದು.

ಕಹಳೆಗಳ ಪೆಟ್ಟಿಗೆ ಎಳೆದಾಗ ಕಂಡಿತು
ಮಿನಾರಿನ ಬಾಗಿಲು, ಬೆಕ್ಕಿಗೆ ಸಾಕಾಗುವಷ್ಟು.
ಸೊಣ್ಣೇಗೌಡ ಟಾರ್ಚು ಬಿಟ್ಟ.
ಮೇಲಕ್ಕೆ ಏಳು ಮೆಟ್ಟಿಲು.
ಕೆಳಕ್ಕೆ, ಎರಡು ಸಲ ಎಣಿಸಿದೆ, ಹತ್ತೊಂಬತ್ತು.

ತೋಡಿದ್ದಾರೆ.
ಎತ್ತರ ಕೊಡದವನ ನೆಲದಲ್ಲಿ
ಆಳ ತೆಗೆದುಕೊಂಡಿದ್ದಾರೆ.
ಕೈದಿಗಳು ತೋಡಿದರೆ ಅದು ಬೇಲಿಯ ಕಡೆಗೆ ಹೋಗಬೇಕು;
ಇದು ನೇರ ಕೆಳಗೆ, ಎಲ್ಲಿಗೂ ಹೋಗದೆ,
ತಮ್ಮ ಮಿನಾರಿಗೆ ಬೇಕಾದಷ್ಟೇ ಹೋಗಿ
ನಿಂತುಬಿಟ್ಟಿದೆ.
ತಳದ ಕಲ್ಲಿನಲ್ಲಿ ಯಾರದೋ ಉಳಿಯ ಗುರುತು,
ಮೂರು ಗೆರೆ, ಒಂದು ಚುಕ್ಕಿ.
ಯರ್ರಪ್ಪನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಸೊಣ್ಣೇಗೌಡ ಬೆವರುತ್ತ ಉಸಿರೆಳೆದು
ಸುಮ್ಮನೆ "ಓ" ಅಂದ.
ಸದ್ದು ನಮ್ಮನ್ನು ಬಿಟ್ಟು ಮೇಲೆ ಏರಿತು.
ಬೇವಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.
ಕ್ಯಾಂಟೀನಿನಿಂದ ಮಹಬೂಬ್ ಬೀ:
"ಯಾರದು ಕೂಗಿದ್ದು? ಇನ್ನೂ ಹೊತ್ತಾಗಿಲ್ಲ!"

ಹೊರಗೆ ಬಂದು ಪುಸ್ತಕ ತೆರೆದೆ.
ಉದ್ದ ಬರೆದೆ, ಅಗಲ ಬರೆದೆ.
"ಎತ್ತರಾನ ಎಲ್ಲಿಂದ ಹಿಡೀಲಿ ಮೇಡಂ,
ನೆಲದಿಂದಾನಾ?"
ನಾನು ಪೆನ್ನಿನ ಮುಚ್ಚಳ ಕಚ್ಚುತ್ತ ನಿಂತೆ.
ಅವನು ಕಾಯಲಿಲ್ಲ. ಬೂಟು ಬಿಚ್ಚಿ,
ಸೊನ್ನೆಯ ತುದಿ ಹಿಡಿದು
ಮತ್ತೆ ಕೆಳಗಿಳಿದ.